ಪರಸ್ಥಾನದ ಬ್ಯಾಗು

ಗುರುವಾರ ದಕ್ಷಿಣ ದಿಕ್ಕಿಗೆ ಶೂಲ, ಆ ಕಡೆ ಪ್ರಯಾಣ ಹೊರಡಬಾರದು. ಇದು ಮೈಸೂರಿನಲ್ಲಿ ಎಷ್ಟು ಸತ್ಯವೋ ಟೆಕ್ಸಸ್‌ನ ಲಿಟಲ್ ಎಲ್ಮ್‌ನಲ್ಲೂ ಅಷ್ಟೇ ಸತ್ಯ ಎಂದು ರಾಜಲಕ್ಷ್ಮಿ ನಂಬಿದ್ದಳು. ಆದರೆ ಡಾಲಸ್‌ನಿಂದ ಆಸ್ಟಿನ್‌ಗೆ ಅವಳಿಗೆ ರೈಲಿನ ಟಿಕೆಟ್ ಸಿಕ್ಕಿದ್ದು ಗುರುವಾರಕ್ಕೇ, ಆಸ್ಟಿನ್ ಇರುವುದು ದಕ್ಷಿಣಕ್ಕೇ. ಅಮೆರಿಕದವರು ರೈಲು ಬಿಡುವಾಗ ಪಂಚಾಂಗ ನೋಡುವುದಿಲ್ಲ, ಏನು ಮಾಡುವುದು?

ಅದಕ್ಕೂ ಹಿರಿಯರು ದಾರಿ ಮಾಡಿಟ್ಟಿದ್ದಾರೆ. ಹೊರಡುವ ದಿನ ಸರಿಯಿಲ್ಲದಿದ್ದರೆ ಹಿಂದಿನ ದಿನವೇ ಒಳ್ಳೆಯ ಹೊತ್ತಿನಲ್ಲಿ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟುಬರಬೇಕು. ಅದೇ ಪರಸ್ಥಾನ. ಗಂಟು ಹೊರಟರೆ ಮನುಷ್ಯ ಹೊರಟಂತೆಯೇ ಲೆಕ್ಕ. ಮರುದಿನ ಹೋಗುವಾಗ ಎತ್ತಿಕೊಂಡು ಹೋದರಾಯಿತು. ಆದರೆ ಒಂದು ಕಟ್ಟುಪಾಡು: ಪರಸ್ಥಾನ ಇಟ್ಟ ಮೇಲೆ ಪ್ರಯಾಣ ರದ್ದು ಮಾಡುವಂತಿಲ್ಲ.

ಅವಳು ಹೋಗಬೇಕಾದದ್ದು ಅನುರಾಧಾಳ ಮನೆಗೆ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತ ಈ ಗೆಳತಿಯರು ಮೂರು ವರ್ಷಗಳಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅವರಿಗೇನೂ ಜಗಳವಿಲ್ಲ, ಜಗಳ ಗಂಡಂದಿರದು. ರಾಜಲಕ್ಷ್ಮಿಯ ಗಂಡ ಮೋಹನರಾಜ ಕಾರು ಓಡಿಸುವುದು ಬಲು ನಿಧಾನ. ಒಮ್ಮೆ ನಾಲ್ವರೂ ಹ್ಯೂಸ್ಟನ್ನಿನ ದೇವಸ್ಥಾನಕ್ಕೆ ಹೊರಟಿದ್ದಾಗ ಹಿಂದೆ ಕೂತಿದ್ದ ಅನುರಾಧಾಳ ಗಂಡ ಭೀಮಸೇನ, ಧಾರವಾಡದವನು, ಬಾಯಿಗೆ ಬೀಗವಿಲ್ಲದವನು, "ರಾಯರ, ಇದು ಗಾಡಿ ಹೊಡಿಯೂದಲ್ಲರಿ, ಎತ್ತಿನ ಬಂಡಿ ಹೊಡಿಯೂದು. ನಾವು ಮುಟ್ಟೂದ್ರಾಗ ದೇವ್ರು ಮಲ್ಕೊಂಡಿರ್ತಾನ" ಅಂದುಬಿಟ್ಟ. ಹಾಗೆಯೇ ಆಯಿತು, ಗುಡಿಯ ಬಾಗಿಲು ಹಾಕಿತ್ತು. ಆ ಮುಚ್ಚಿದ ಬಾಗಿಲಿನ ಮುಂದೆಯೇ ಮೋಹನರಾಜ, ಇನ್ನು ಈ ಮನುಷ್ಯನ ಹೊಸಿಲು ತುಳಿಯುವುದಿಲ್ಲ ಎಂದು ಶಪಥ ಮಾಡಿದ. ಹೈವೇ ಎಂದರೆ ಎದೆ ಡವಗುಟ್ಟುವ ಹೆಂಗಸರಿಬ್ಬರ ಸ್ನೇಹ ಗಂಡಂದಿರ ಗ್ಯಾರೇಜಿನಲ್ಲಿ ನಿಂತುಹೋಯಿತು.

ಈಗ ಬರುವ ಶುಕ್ರವಾರ ಭೀಮಸೇನನ ಅರವತ್ತರ ಶಾಂತಿ. "ನನ್ನ ಕಡೆಯವರು ಅಂತ ಇಲ್ಲಿರೋದು ನೀನೊಬ್ಬಳೇ ರಾಜಿ. ಈ ಸಲಾನೂ ಬರದಿದ್ರೆ ಇನ್ಮೇಲೆ ನಾನು ಕರೆಯಲ್ಲ" ಎಂದು ಅನುರಾಧಾ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಳು. ರಾಜಲಕ್ಷ್ಮಿ ಅಂದೇ ರೈಲಿನ ಟಿಕೆಟ್ ತೆಗೆದು ಗಂಡನಿಗೆ ಹೇಳಿದಳು: "ನಿಮ್ಮ ಕಾರೂ ಬೇಡ, ನಿಮ್ಮ ಶಪಥಾನೂ ಮುರಿಯೋದು ಬೇಡ."

ಬುಧವಾರ ಬ್ಯಾಗು ತುಂಬಿದಳು. ಅನುರಾಧಾಳಿಗೆ ಸೀರೆ, ಭೀಮಸೇನನಿಗೆ ಪಂಚೆ, ಒಂದು ಡಬ್ಬ ಚಕ್ಕುಲಿ, ಒಂದು ಡಬ್ಬ ಕೊಬ್ಬರಿಮಿಠಾಯಿ, ದಾರಿಗೆ ಪುಳಿಯೋಗರೆ. ಅದನ್ನು ಪಕ್ಕದ ಬೀದಿಯ ನಂದಕುಮಾರನ ಮನೆಯಲ್ಲಿ ಇಟ್ಟುಬರುವ ಕೆಲಸ ಮೋಹನರಾಜನದು. ದೊಡ್ಡ ಕಂಪನಿಯಲ್ಲಿ ಸಾಫ್ಟ್‌ವೇರ್ ಆರ್ಕಿಟೆಕ್ಟ್ ಆದವನು ಹುಡುಗನೊಬ್ಬನ ಮುಂದೆ ದಿಕ್ಕು, ಶೂಲ ಎಂದು ವಿವರಿಸುವುದು ಹೇಗೆ? "ರಾಜಿ ಕೊಟ್ಟಿದ್ದು, ಇಟ್ಕೊಂಡಿರಪ್ಪ" ಎಂದಷ್ಟೇ ಹೇಳಿ ಬಂದುಬಿಟ್ಟ.

ಗುರುವಾರ ಬೆಳಿಗ್ಗೆ ಸ್ಟೇಷನ್ನಿಗೆ ಹೊರಟವರು ನಂದಕುಮಾರನ ಮನೆ ಮುಂದೆ ಕಾರು ನಿಲ್ಲಿಸಿದರೆ ಬಾಗಿಲಿಗೆ ಬೀಗ. ಫೋನ್ ಮಾಡಿದರು.

"ಆಂಟಿ, ಬೆಳಗಿನ ಜಾವ ಮೂರಕ್ಕೇ ಹೊರಟೆ, ಈಗ ಹ್ಯೂಸ್ಟನ್‌ನಲ್ಲಿದೀನಿ" ಎಂದ ನಂದಕುಮಾರ. "ನಿಮ್ಮ ಬ್ಯಾಗ್ ಫುಲ್‌ಶೀರ್‌ಗೆ ಹೋಗಿ ನಾಗಮಣಿ ಆಂಟಿ ಕೈಗೇ ಕೊಟ್ಟು ಈಗ ತಾನೇ ಆಫೀಸಿಗೆ ಬಂದೆ. ಟೆನ್ಶನ್ ಮಾಡ್ಕೋಬೇಡಿ."

ಅವನದೇನು ತಪ್ಪು? ಅವನು ವಾರಕ್ಕೊಮ್ಮೆ ಹೋಗುವ ಆಫೀಸು ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಎಂಬ ಬಡಾವಣೆಯಲ್ಲಿ, ರಾಜಲಕ್ಷ್ಮಿಯ ತಂಗಿ ನಾಗಮಣಿ ಇರುವುದು ಅಲ್ಲೇ ಹತ್ತಿರದ ಫುಲ್‌ಶೀರ್‌ನಲ್ಲಿ. ಅವನು ಆ ಕಡೆ ಹೊರಟಾಗಲೆಲ್ಲ ಇವಳು ಹಪ್ಪಳ, ಚಟ್ನಿಪುಡಿ ಎಂದು ಏನಾದರೂ ಹೇರದೆ ಕಳಿಸಿದ್ದೇ ಇಲ್ಲ.

"ಹಾಗಾದ್ರೆ ಟ್ರಿಪ್ ಕ್ಯಾನ್ಸಲ್ ಮಾಡೋಣ್ವಾ?" ಎಂದು ಮೋಹನರಾಜ ಆಸೆಯಿಂದ ಕೇಳಿದ.

"ಪರಸ್ಥಾನ ಹೊರಟಾಗಿದೆ ರೀ, ಇನ್ನು ನಿಲ್ಲೋ ಹಾಗಿಲ್ಲ. ಬ್ಯಾಗೂ ದಕ್ಷಿಣಕ್ಕೇ ಹೋಗಿದೆ, ಶಾಸ್ತ್ರಕ್ಕೇನೂ ಮೋಸ ಆಗಿಲ್ಲ. ನಡೀರಿ ಸ್ಟೇಷನ್ನಿಗೆ."

ಹೀಗೆ ರಾಜಲಕ್ಷ್ಮಿ ಹೆಗಲಿಗೆ ವ್ಯಾನಿಟಿ ಬ್ಯಾಗೊಂದನ್ನು ಹಾಕಿಕೊಂಡು ಅಮೆರಿಕದ ರೈಲನ್ನು ಮೊದಲ ಸಲ ಹತ್ತಿದಳು. ಪ್ಲಾಟ್‌ಫಾರ್ಮಿನಲ್ಲಿ ನಿಂತ ಮೋಹನರಾಜ ಅವಳ ಖಾಲಿ ಕೈಗಳನ್ನೇ ನೋಡುತ್ತಿದ್ದ, ಟಾಟಾ ಮಾಡುವುದನ್ನೂ ಮರೆತಿದ್ದ.

ಮಹಡಿ ಇದ್ದ ರೈಲು. ಮದುವೆಮನೆಯ ಸೋಫಾದಷ್ಟು ಅಗಲದ ಸೀಟು. ಕಂಡಕ್ಟರ್ ಬಂದು ಅವಳ ತಲೆಯ ಮೇಲಿನ ಪಟ್ಟಿಗೆ ಇಳಿಯುವ ಊರಿನ ಚೀಟಿ ಸಿಕ್ಕಿಸಿ ಹೋದ. ಎಲ್ಲಾ ಸರಿ, ಆದರೆ ಕಾಫಿ ಕಾಫಿ ಎಂದು ಕೂಗುವವರಿಲ್ಲ, ಎಲ್ಲಿಗೆ ಹೊರಟಿರಿ, ಮಕ್ಕಳೆಷ್ಟು ಎಂದು ಕೇಳುವವರಿಲ್ಲ. ಇದೂ ಒಂದು ರೈಲೇ ಎನಿಸಿತು ಅವಳಿಗೆ. ಫೋರ್ಟ್ ವರ್ತ್ ದಾಟುವಷ್ಟರಲ್ಲಿ ಹೊಟ್ಟೆ ತಾಳ ಹಾಕತೊಡಗಿತು. ಇಡೀ ಬೋಗಿಗೆ ಚಕ್ಕುಲಿ ಹಂಚಬಹುದಾಗಿದ್ದವಳು ಬಾಯಿ ಒಣಗಿಸಿಕೊಂಡು ಕೂತಿದ್ದಳು. ಕೊನೆಗೆ ಪಕ್ಕದ ಸೀಟಿನ ಅಜ್ಜಿಯೇ ಕರುಣೆ ತೋರಿ ತಮ್ಮ ಹಿತ್ತಲಿನ ಮರದ ಪೆಕಾನ್ ಬೀಜಗಳನ್ನು ಅವಳ ಕೈಗೆ ಸುರಿದರು.

ಅಷ್ಟರಲ್ಲಿ ನಾಗಮಣಿಯ ಫೋನು. "ಅಕ್ಕಾ, ಸೀರೆ ಬಣ್ಣ ಏನ್ ಚೆನ್ನಾಗಿದೆಯೇ! ಇವತ್ತೇ ಉಟ್ಕೊಂಡುಬಿಡ್ತೀನಿ. ಪುಳಿಯೋಗರೆ ಆಗ್ಲೇ ಖಾಲಿ."

"ಅಯ್ಯೋ, ಸೀರೆ ಮುಟ್ಟಬೇಡ ಕಣೇ! ಹೇಗಿತ್ತೋ ಹಾಗೆ ಮಡಿಸಿಡು!"

"ಭಾವಾನೂ ಫೋನ್ ಮಾಡಿ ಅದನ್ನೇ ಹೇಳಿದ್ರು, ನಾನು ತಮಾಷೆ ಅಂದ್ಕೊಂಡೆ. ಅವರು ಇಲ್ಲಿಗೇ ಬರ್ತಿದಾರಂತಲ್ಲ?"

ರಾಜಲಕ್ಷ್ಮಿ ಕೂಡಲೇ ಗಂಡನಿಗೆ ಫೋನ್ ಹಚ್ಚಿದಳು. ಹೌದು, ಅವನು ಅರ್ಧ ದಾರಿಯಲ್ಲಿದ್ದ. "ತಪ್ಪು ನಂದೇ ಕಣೇ. ಬಾಯಿಬಿಟ್ಟು ಹೇಳಿದ್ರೆ ಆಗ್ತಿತ್ತು. ಖಾಲಿ ಕೈಲಿ ನೀನು ಅವರ ಮನೆಗೆ ಹೋಗೋದನ್ನ ನನ್ನ ಕೈಲಿ ನೋಡೋಕಾಗಲ್ಲ. ಬ್ಯಾಗ್ ತಗೊಂಡು ಆಸ್ಟಿನ್ ಸ್ಟೇಷನ್ನಿಗೆ ಬರ್ತೀನಿ, ನಿನಗೆ ಕೊಟ್ಟು ಹಾಗೇ ವಾಪಸ್. ಆ ಮನುಷ್ಯನ ಮುಖ ಮಾತ್ರ ನೋಡಲ್ಲ."

ಅವಳ ಕಣ್ಣು ತೇವವಾಯಿತು, ನಗುವೂ ಬಂತು. ಈ ಮನುಷ್ಯನ ವೇಗಕ್ಕೆ ಆಸ್ಟಿನ್ ಸೇರುವುದು ನಾಳೆಯೇ.

ಆದರೆ ರೈಲು ಬಯಲಿನ ಮಧ್ಯೆ ನಿಂತುಬಿಟ್ಟಿತು. ಗೂಡ್ಸ್ ಗಾಡಿಗೆ ದಾರಿ ಬಿಡಬೇಕಂತೆ. ಒಂದು ಹೋಯಿತು, ಇನ್ನೊಂದು ಬಂತು. ಹೊರಗಿದ್ದ ಹಸುಗಳು ಇವಳನ್ನು ನೋಡಿದವು, ಇವಳು ಹಸುಗಳನ್ನು ನೋಡಿದಳು. ಆಗ ಇದ್ದಕ್ಕಿದ್ದಂತೆ ಹೊಳೆಯಿತು: ತನ್ನನ್ನು ಕರೆದುಕೊಂಡು ಹೋಗಲು ಸ್ಟೇಷನ್ನಿಗೆ ಬರುವವನು ಭೀಮಸೇನ! ರೈಲು ತಡವಾದಷ್ಟೂ ಆ ಇಬ್ಬರು ಒಂದೇ ಪ್ಲಾಟ್‌ಫಾರ್ಮಿನಲ್ಲಿ ಮುಖಾಮುಖಿ. ಉರಿಯುವ ಬೆಂಕಿಗೆ ತುಪ್ಪ ಸುರಿದಂತೆಯೇ ಸರಿ. ಗಂಡನಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಭೀಮಸೇನನಿಗೆ ಮಾಡಿದಳು, ಅವನೂ ಎತ್ತಲಿಲ್ಲ. ಶಾಂತಿಯ ಹಿಂದಿನ ದಿನ ರಂಪವಾದರೆ ಅನುರಾಧಾ ಜನ್ಮದಲ್ಲಿ ತನ್ನನ್ನು ಕರೆಯುವುದಿಲ್ಲ. ಇದ್ದಬದ್ದ ದೇವರಿಗೆಲ್ಲ ಕೈಮುಗಿದಳು.

ಕತ್ತಲಾದ ಮೇಲೆ, ಮೂರು ಗಂಟೆ ತಡವಾಗಿ ರೈಲು ಆಸ್ಟಿನ್ ಸೇರಿತು. ಕಿಟಕಿಯಿಂದ ನೋಡಿದರೆ ಆ ಪುಟ್ಟ ಸ್ಟೇಷನ್ನಿನ ಒಂದೇ ಬೆಂಚಿನ ಮೇಲೆ ಇಬ್ಬರೂ ಕೂತಿದ್ದಾರೆ. ನಡುವೆ ಚಕ್ಕುಲಿ ಡಬ್ಬ, ಮುಚ್ಚಳ ತೆರೆದಿದೆ.

"ಬರ್ರಿ ವೈನಿ, ಬರ್ರಿ!" ಭೀಮಸೇನ ಎದ್ದು ನಿಂತ, ಅಂಗಿಯ ತುಂಬ ಚಕ್ಕುಲಿ ಪುಡಿ. "ಡಾಲಸ್ಸಿಂದ ಹ್ಯೂಸ್ಟನ್, ಹ್ಯೂಸ್ಟನ್ನಿಂದ ಆಸ್ಟಿನ್! ರಾಯರು ರೈಲನ್ನ ಸೋಲಿಸ್ಯಾರ ನೋಡ್ರಿ! ನಾ ಅವತ್ತು ಅಂದದ್ದು ತಪ್ಪಾತು ಅಂತ ಬಾಯಿಬಿಟ್ಟು ಹೇಳೀನಿ."

ರೈಲು ಬಯಲಿನಲ್ಲಿ ಹಸು ಕಾಯುತ್ತಿದ್ದದ್ದನ್ನು ಹೇಳಲು ರಾಜಲಕ್ಷ್ಮಿ ಬಾಯಿ ತೆರೆದಳು. ಗಂಡನ ಮುಖದ ಮೇಲಿನ ಬೆಳಕು ನೋಡಿ ಮುಚ್ಚಿಕೊಂಡಳು.

ಆದರೂ ಶಪಥ ಶಪಥವೇ. ಭೀಮಸೇನನ ಕಾರಿನ ಹಿಂದೆಯೇ ಬಂದು ಅವನ ಮನೆ ಮುಂದೆ ಬ್ಯಾಗು ಇಳಿಸಿದ ಮೋಹನರಾಜ, "ನಾನಿನ್ನು ಹೊರಡ್ತೀನಿ" ಎಂದು ಕಾರಿಗೆ ಆತುಕೊಂಡು ನಿಂತ. ಅನುರಾಧಾ ಓಡಿಬಂದು ರಾಜಲಕ್ಷ್ಮಿಯನ್ನು ಅಪ್ಪಿಕೊಂಡು ಬಿಕ್ಕಿದಳು. ಬ್ಯಾಗಿನ ಕಥೆ ಕೇಳಿ ಅಳುತ್ತಲೇ ನಕ್ಕಳು. ಆಮೇಲೆ ಒಳಗೆ ಹೋಗಿ, ತನ್ನದೊಂದು ಬ್ಯಾಗು ತಂದು ಮೋಹನರಾಜನ ಕಾರಿನ ಡಿಕ್ಕಿಯಲ್ಲಿಟ್ಟು ದಬ್ಬೆಂದು ಮುಚ್ಚಿದಳು.

"ನನ್ನ ಪರಸ್ಥಾನ. ಶನಿವಾರ ರಾಜಿ ಜೊತೆ ರೈಲಲ್ಲಿ ಡಾಲಸ್‌ಗೆ ಬರ್ತೀನಿ. ಬ್ಯಾಗು ಹೊರಟಾಯ್ತು, ಇನ್ನು ರದ್ದಿಲ್ಲ."

"ಶನಿವಾರ ಉತ್ತರಕ್ಕೆ ಶೂಲಾನೇ ಇಲ್ವಲ್ಲೇ, ಪರಸ್ಥಾನ ಯಾಕೆ?" ಎಂದಳು ರಾಜಲಕ್ಷ್ಮಿ.

"ನಮಗೆ ಶೂಲ ಇರೋದು ದಿಕ್ಕಲ್ಲಲ್ಲ ಕಣೇ, ಗಂಡಂದಿರಲ್ಲಿ." ಅನುರಾಧಾ ಮೋಹನರಾಜನ ಕಡೆ ತಿರುಗಿದಳು. "ರಾಜಿ ಬ್ಯಾಗಿನ ಥರ ನನ್ನ ಬ್ಯಾಗು ನನಗಿಂತ ಮೊದಲು ಊರು ಬಿಡಬಾರದು. ಶನಿವಾರದವರೆಗೂ ಇಲ್ಲೇ ನಿಂತಿರ್ತೀರಾ?"

ಮೋಹನರಾಜ ಡಿಕ್ಕಿ ನೋಡಿದ, ಹೆಂಡತಿಯ ಮುಖ ನೋಡಿದ, ಬಾಗಿಲಲ್ಲಿ ನಿಂತು ಮೀಸೆಯಲ್ಲೇ ನಗುತ್ತಿದ್ದ ಭೀಮಸೇನನನ್ನೂ ನೋಡಿದ. ಆಮೇಲೆ ಬಗ್ಗಿ ಶೂ ಬಿಚ್ಚತೊಡಗಿದ.