ಮಗಳಿಗೆ ಹೇಳಬೇಕಾದ ಮಾತು

ಕೊಪ್ಪಕ್ಕೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬರುತ್ತೇನೆಂದು ಅತ್ತೆಗೆ ಸುಳ್ಳು ಹೇಳಿ ಅರ್ಪಣಾ ಮನೆಯಿಂದ ಹೊರಟಳು. ಭಾನುವಾರ ಯಾವ ಹಲ್ಲಿನ ಡಾಕ್ಟರು ಬಾಗಿಲು ತೆಗೆದಿರುತ್ತಾರೆ ಎಂದು ಅತ್ತೆ ಕೇಳಲಿಲ್ಲ. ಗಂಡ ಯಜ್ಞೇಶನಿಗೆ ಮಾತ್ರ ನಿಜ ಗೊತ್ತಿತ್ತು. ಎನ್.ಆರ್. ಪುರದ ಪೇಟೆಯಲ್ಲಿ ಅವನದೊಂದು ಔಷಧಿ ಅಂಗಡಿ. ಸ್ಕೂಟರಿನಲ್ಲಿ ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟವನು, "ನೀನೇ ಕೇಳ್ಕೊಂಡು ಬಾ ಮಾರಾಯ್ತಿ. ನಂಗೆ ಅಷ್ಟು ಜನರ ಎದುರು ಬಾಯಿ ಬರೋದಿಲ್ಲ," ಎಂದು ಹೇಳಿ ತಿರುಗಿ ನೋಡದೆ ಹೋದ.

ಅವರ ಮಗ ಶಿಶಿರನಿಗೆ ಆರು ವರ್ಷ. ಅರ್ಪಣಾಳಿಗೆ ಇಪ್ಪತ್ತೊಂಬತ್ತಾಗುವಷ್ಟರಲ್ಲಿ ಅಂಡಾಶಯ ಕೆಲಸ ನಿಲ್ಲಿಸಿತ್ತು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಯಾರೋ ಒಬ್ಬ ಹೆಂಗಸು ದಾನ ಕೊಟ್ಟ ಅಂಡಾಣುವಿನಿಂದ ಶಿಶಿರ ಅವಳ ಹೊಟ್ಟೆಗೆ ಬಂದ. ಆ ಹೆಂಗಸಿನ ಹೆಸರು ಅವಳಿಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಗಂಡ ಹೆಂಡತಿ ಬಿಟ್ಟರೆ ಈ ಸಂಗತಿ ತಿಳಿದಿದ್ದುದು ಅರ್ಪಣಾಳ ತಾಯಿ ದೇವಕಿಯೊಬ್ಬಳಿಗೆ. ಚಿಕಿತ್ಸೆಗೆ ಮೊದಲು ಅವಳು ಶೃಂಗೇರಿಯ ತವರಿಗೆ ಹೋಗಿ, ತಾಯಿಯ ತೊಡೆಯ ಮೇಲೆ ತಲೆಯಿಟ್ಟು, ಹೀಗೆ ಹುಟ್ಟಿದ ಮಗು ತನ್ನದಾಗುತ್ತದೋ ಇಲ್ಲವೋ ಎಂದು ಅತ್ತಿದ್ದಳು. "ಆಗೇ ಆಗ್ತದೆ. ನಂಗೆ ಗೊತ್ತು," ಎಂದಿದ್ದಳು ದೇವಕಿ. ಆಮೇಲೆ ಅವಳ ಕಣ್ಣೊರೆಸುತ್ತ, "ಯಾರಿಗೂ ಹೇಳ್ಬೇಡ. ಅಪ್ಪಯ್ಯಂಗೂ ಬೇಡ," ಎಂದಿದ್ದಳು. ಅರ್ಪಣಾ ಯಾರಿಗೂ ಹೇಳಿರಲಿಲ್ಲ.

ಈಗ ಹೇಳಬೇಕಾದ ಹೊತ್ತು ಬಂದಿತ್ತು. ಪಕ್ಕದ ಮನೆಯಲ್ಲಿ ಮಗು ಹುಟ್ಟಿದ ಮೇಲೆ ಶಿಶಿರ ದಿನಕ್ಕೊಂದು ಪ್ರಶ್ನೆ ತರುತ್ತಿದ್ದ. "ನಾನು ನಿನ್ನ ಹೊಟ್ಟೆಗೆ ಬರೋ ಮೊದ್ಲು ಎಲ್ಲಿದ್ದೆ? ಅಪ್ಪನ ಅಂಗಡೀಲಿದ್ನಾ?" ಎಂದು ಕೇಳಿದ್ದ. ಅವಳು ಏನೋ ಒಂದು ಕಥೆ ಕಟ್ಟಿ ಹೇಳಿದಳು. ಹೇಳುತ್ತಿರುವಾಗಲೇ ಈ ಕಥೆಯನ್ನು ಜೀವನವಿಡೀ ನಡೆಸಿಕೊಂಡು ಹೋಗಬೇಕಲ್ಲ ಎಂದು ಹೆದರಿಕೆಯಾಯಿತು. ಅದೇ ವಾರ ಸ್ಥಳೀಯ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಕಂಡಿದ್ದಳು. ದಾನಿಗಳ ಅಂಡಾಣು, ವೀರ್ಯ ಅಥವಾ ಭ್ರೂಣದಿಂದ ಮಕ್ಕಳನ್ನು ಪಡೆದವರು ತಿಂಗಳಿಗೊಮ್ಮೆ ಕೂತು ಮಾತಾಡಲು ಕೊಪ್ಪದಲ್ಲಿ ಒಂದು ಜಾಗವಿದೆ, ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರೂ ತಾಲ್ಲೂಕಿನವರು ಬರಬಹುದು, ಹೆಸರು ಹೇಳಬೇಕಾಗಿಲ್ಲ ಎಂದಿತ್ತು. ಕೆಳಗೆ ಮಾಲತಿ ಎಂಬವರ ಫೋನ್ ನಂಬರು. ಶಿವಮೊಗ್ಗದಲ್ಲಿ ಬಂಜೆತನದ ಚಿಕಿತ್ಸೆಯ ವಾರ್ಡಿನಲ್ಲಿ ಇಪ್ಪತ್ತು ವರ್ಷ ನರ್ಸಾಗಿದ್ದು ನಿವೃತ್ತರಾದವರು ಈ ಮಾಲತಿ. ಅರ್ಪಣಾ ಫೋನು ಮಾಡಿದಾಗ, "ಬನ್ನಿ, ಒಬ್ಬರೇ ಬಂದ್ರೂ ಆಯ್ತು," ಎಂದಷ್ಟೇ ಹೇಳಿ ವಿಳಾಸ ಕೊಟ್ಟಿದ್ದರು.

ಅದು ಒಂದು ಹೊಲಿಗೆ ತರಬೇತಿ ಕೇಂದ್ರದ ಮಹಡಿ. ಬಸ್ಸು ತಡವಾಗಿ ಅವಳು ಮೆಟ್ಟಿಲು ಹತ್ತುವಾಗ ಸಭೆ ಶುರುವಾಗಿ ಅರ್ಧ ಗಂಟೆಯಾಗಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡಲು ಬಗ್ಗಿದಳು. ಒಳಗೆ ಯಾರೋ ಒಬ್ಬರು ಗಂಡಸರು ನಿಧಾನವಾಗಿ, ನಡುನಡುವೆ ಗಂಟಲು ಸರಿಮಾಡಿಕೊಳ್ಳುತ್ತ ಮಾತಾಡುತ್ತಿದ್ದರು.

"...ಕಳೆದ ವರ್ಷ ನನ್ನ ಹೃದಯಕ್ಕೆ ಸ್ಟೆಂಟ್ ಹಾಕಿದ್ರು. ಇದು ವಂಶದಲ್ಲಿ ಬರೋ ಕಾಯಿಲೆ, ಮಗಳಿಗೂ ಚೆಕ್ ಮಾಡಿಸಿ ಅಂದ್ರು ಡಾಕ್ಟ್ರು. ಅವತ್ತಿಂದ ಅವಳು ತುಪ್ಪ ಬಿಟ್ಲು, ಎಣ್ಣೆ ಬಿಟ್ಲು. ಬೆಳಿಗ್ಗೆ ಎದ್ದು ನಡೀತಾಳೆ. ಮಾತ್ರೆ ಬೇರೆ ತಗೊಳ್ತಾಳೆ. ಹೆದರಿದಾಳೆ. ನನ್ನ ಕಾಯಿಲೆ ಅವಳಿಗೆ ಬರೋದೇ ಇಲ್ಲ ಅಂತ ನಂಗೆ ಗೊತ್ತು. ನನ್ನ ರಕ್ತ ಅವಳಲ್ಲಿ ಒಂದು ತೊಟ್ಟೂ ಇಲ್ಲ. ಮೂವತ್ತೇಳು ವರ್ಷ ಆಯ್ತು, ಹೇಳಿಲ್ಲ. ಈಗ ಹೇಗೆ ಹೇಳೋದು, ಅದನ್ನ ಕೇಳ್ಲಿಕ್ಕೆ ಬಂದೆ."

ಅರ್ಪಣಾ ಒಂದು ಚಪ್ಪಲಿ ಬಿಟ್ಟು ಇನ್ನೊಂದನ್ನು ಬಿಡದೆ ಹಾಗೇ ನಿಂತಳು. ದನಿಯನ್ನು ಮೊದಲ ಮಾತಿಗೇ ಕಿವಿ ಗುರುತಿಸಿತ್ತು, ಮನಸ್ಸು ಮಾತ್ರ ಒಪ್ಪಿಕೊಳ್ಳಲಿಲ್ಲ. ಯಾರೋ ಅಪ್ಪಯ್ಯನ ಹಾಗೆ ಮಾತಾಡುವವರು, ಅವರಿಗೂ ಸ್ಟೆಂಟ್ ಆಗಿದೆ, ಅವರಿಗೂ ತುಪ್ಪ ಬಿಟ್ಟ ಮಗಳಿದ್ದಾಳೆ, ಇರಬಹುದು ಎಂದುಕೊಂಡಳು. ಆಮೇಲೆ ಒಳಗೆ ನೋಡಿದಳು. ಬಾಗಿಲಿಗೆ ಬೆನ್ನು ಮಾಡಿ ಕೂತವರ ಅಂಗಿಯ ಕಾಲರು ಸವೆದು ನೂಲೆದ್ದಿತ್ತು. ಆ ಅಂಗಿಯನ್ನು ಎರಡು ವರ್ಷದ ಹಿಂದೆ ಅವಳೇ ಕೊಡಿಸಿದ್ದಳು.

ಗೋಡೆಗೆ ಸರಿಸಿಟ್ಟ ಹೊಲಿಗೆ ಯಂತ್ರಗಳು, ಪ್ಲಾಸ್ಟಿಕ್ ಕುರ್ಚಿಗಳು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಒಬ್ಬ ಹುಡುಗಿ, ಪಕ್ಕದಲ್ಲಿ ಅವಳ ಗಂಡ, ಕನ್ನಡಕದ ಮಾಲತಿ. ಎಲ್ಲರೂ ಬಾಗಿಲ ಕಡೆ ನೋಡಿದರು. ಕೊನೆಗೆ ಅವಳ ಅಪ್ಪ ಪರಮೇಶ್ವರಯ್ಯನವರೂ ತಿರುಗಿದರು.

ಮಗಳನ್ನು ಕಂಡು ಅವರು ಎದ್ದು ನಿಂತರು. ಎದ್ದವರಿಗೆ ಮುಂದೆ ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತರು.

"ಬನ್ನಿ ಒಳಗೆ," ಎಂದರು ಮಾಲತಿ. "ಇಲ್ಲಿ ಯಾರೂ ಹೆಸರು ಕೇಳೋದಿಲ್ಲ."

"ಇವರು ನನ್ನ ಅಪ್ಪಯ್ಯ," ಎಂದಳು ಅರ್ಪಣಾ.

ತೊಡೆಯ ಮೇಲಿನ ಮಗು ಬಿಸ್ಕತ್ತು ಅಗಿಯುತ್ತಲೇ ಇತ್ತು.

"ನೀ... ನೀ ಎಂತಕ್ಕೆ ಬಂದಿದ್ದು ಇಲ್ಲಿಗೆ?" ಪರಮೇಶ್ವರಯ್ಯ ಕೇಳಿದರು. ತನ್ನ ಬೆನ್ನು ಹತ್ತಿಯೇ ಬಂದಿದ್ದಾಳೆಂದು ಅವರು ತಿಳಿದಿದ್ದರೆಂಬುದು ಅವಳಿಗೆ ಆಮೇಲೆ ಗೊತ್ತಾಯಿತು.

"ಶಿಶಿರನ ವಿಷಯಕ್ಕೆ," ಎಂದಳು. "ಅವನು ನನ್ನ ಅಂಡಾಣುವಿನಿಂದ ಹುಟ್ಟಿದ್ದಲ್ಲ ಅಪ್ಪಯ್ಯ. ಅವಂಗೆ ಹೇಗೆ ಹೇಳೋದು ಅಂತ ಕೇಳೋಕೆ ಬಂದೆ."

ಪರಮೇಶ್ವರಯ್ಯನವರ ಬಾಯಿ ತೆರೆದದ್ದು ತೆರೆದೇ ಇತ್ತು. ಮಾಲತಿ ಎದ್ದು ಬಂದು ಅರ್ಪಣಾಳ ಮೊಣಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. "ಫೋನಲ್ಲಿ ಹೆಸರು ಕೇಳ್ಬಾರ್ದು ಅಂತ ನಾನೇ ನಿಯಮ ಮಾಡಿದ್ದು. ಹೀಗಾಗ್ಬಹುದು ಅಂತ ನಂಗೆ ಹೊಳೀಲೇ ಇಲ್ಲ," ಎಂದರು ಅವರು. ಉಳಿದವರನ್ನು ಕರೆದುಕೊಂಡು ಹೊರಗಿನ ವರಾಂಡಕ್ಕೆ ಹೋದರು.

ಅಪ್ಪ ಮಗಳು ಇಬ್ಬರೇ ಉಳಿದರು. ಅರ್ಪಣಾಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ತಲೆಯೊಳಗೆ ಎಲ್ಲ ಖಾಲಿಯಾಗಿ ಒಂದೇ ಒಂದು ಸಣ್ಣ ಪ್ರಶ್ನೆ ಉಳಿದಿತ್ತು, ಅದೇ ಬಾಯಿಗೆ ಬಂತು.

"ಹಾಗಾದ್ರೆ ಆ ಮಾತ್ರೆ ನಾನು ತಗೊಳ್ಳೋದು ಬೇಡ್ವಾ?"

"ಗೊತ್ತಿಲ್ಲ ಕೂಸೇ," ಎಂದರು ಅವರು. "ಅವರ ಮನೇಲಿ ಎಂತ ಕಾಯಿಲೆ ಇತ್ತು ಅಂತ ನಂಗೆ ಗೊತ್ತಿಲ್ಲ."

ಅವರು. ಆ ಒಂದು ಶಬ್ದವನ್ನು ಅವಳು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಎಲ್ಲೋ ಒಬ್ಬ ಗಂಡಸು ಇದ್ದಾನೆ, ಅಥವಾ ಇದ್ದ.

ಪರಮೇಶ್ವರಯ್ಯ ನೆಲ ನೋಡುತ್ತ ಹೇಳಿದರು. ಹದಿನೇಳನೇ ವಯಸ್ಸಿನಲ್ಲಿ ಅವರಿಗೆ ಮಂಗನಬಾವು ಬಂದು ಬಾವು ವೃಷಣಕ್ಕೂ ಇಳಿದಿತ್ತು. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗದೆ ಮಂಗಳೂರಿಗೆ ಹೋಗಿ ಪರೀಕ್ಷೆ ಮಾಡಿಸಿದಾಗ ದೋಷ ತನ್ನದೆಂದು ತಿಳಿಯಿತು. ಡಾಕ್ಟರೇ ದಾರಿ ಹೇಳಿದರು. ಓದುತ್ತಿರುವ ಒಬ್ಬ ಹುಡುಗ, ಒಳ್ಳೆ ಆರೋಗ್ಯದವನು, ಅಷ್ಟು ಸಾಕು ನಿಮಗೆ ಎಂದರು. ಕಾಗದ ಪತ್ರ ಒಂದೂ ಇರಲಿಲ್ಲ. ಆ ಡಾಕ್ಟರು ತೀರಿಹೋಗಿ ಎಷ್ಟೋ ವರ್ಷವಾಗಿದೆ.

"ಹೇಳ್ಬಹುದಿತ್ತು ನೀವು," ಎಂದಳು ಅರ್ಪಣಾ. "ನಂಗೆ ಹದಿನೆಂಟು ಆದಾಗ ಹೇಳ್ಬಹುದಿತ್ತು. ಮದುವೆಗೆ ಮೊದ್ಲು ಹೇಳ್ಬಹುದಿತ್ತು."

"ನಾನು ಎಂತ ಕೆಲಸ ಮಾಡ್ತಿದ್ದೆ, ನಿಂಗೆ ಗೊತ್ತಲ್ಲ."

ಗೊತ್ತಿತ್ತು. ಪಶು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಊರೂರು ತಿರುಗಿ ಬೆದೆಗೆ ಬಂದ ದನಗಳಿಗೆ ಹೋರಿಯ ವೀರ್ಯ ಸೇರಿಸಿ ಗರ್ಭ ಕಟ್ಟಿಸುವ ಇಂಜೆಕ್ಷನ್ ಕೊಟ್ಟವರು ಅವರು. ಸೀತೂರಿನಿಂದ ಭಂಡಿಗಡಿಯವರೆಗೂ ಜನ ಅವರನ್ನು ಇಂಜೆಕ್ಷನ್ ಭಟ್ರು ಎಂದೇ ಕರೆಯುತ್ತಿದ್ದರು. ಚಿಕ್ಕವಳಿದ್ದಾಗ ಅವಳಿಗೂ ಆ ಹೆಸರು ಕೇಳಿ ನಗು ಬರುತ್ತಿತ್ತು.

"ದನದ ಕೊಟ್ಟಿಗೇಲಿ ಮಾಡಿದ್ದನ್ನೇ ಭಟ್ರು ಮನೇಲೂ ಮಾಡ್ಸಿದ್ರು ಅಂತ ಒಬ್ಬ ಒಂದು ಮಾತು ಆಡಿದ್ರೆ ಸಾಕಿತ್ತು. ನನ್ನನ್ನ ಅಂದಿದ್ರೆ ತಡ್ಕೊಳ್ತಿದ್ದೆ. ನಿನ್ನನ್ನ ಶಾಲೇಲಿ, ರಸ್ತೇಲಿ ಕರು ಅಂತ ಕರೀತಿದ್ರು. ಅದು ನನ್ನ ಕಣ್ಣೆದುರೇ ಇತ್ತು ಯಾವಾಗ್ಲೂ."

ಶಿಶಿರನನ್ನು ಕಂಡವರೆಲ್ಲ ಮೂಗು ಅಜ್ಜನದ್ದೇ, ನಗು ಅಜ್ಜನದ್ದೇ ಎನ್ನುತ್ತಿದ್ದರು. ಹಾಗೆ ಅಂದಾಗಲೆಲ್ಲ ಅರ್ಪಣಾ ತಲೆ ತಗ್ಗಿಸುತ್ತಿದ್ದಳು. ಅದೇ ಹೊತ್ತಿಗೆ ಎದುರಿನ ಕುರ್ಚಿಯಲ್ಲಿ ಅಪ್ಪಯ್ಯನೂ ತಲೆ ತಗ್ಗಿಸುತ್ತಿದ್ದರೆಂಬುದು ಈಗ ನೆನಪಿಗೆ ಬಂತು.

ಮಗುವಿನ ಅಪ್ಪ ಕೆಳಗಿನ ಹೋಟೆಲಿನಿಂದ ಎರಡು ಲೋಟ ಚಹಾ ತಂದು ಯಂತ್ರದ ಮೇಲಿಟ್ಟ. ಬಸರೀಕಟ್ಟೆಯಲ್ಲಿ ಎಸ್ಟೇಟಿನ ಜೀಪು ಓಡಿಸುವ ನವೀನ ಅವನು. ಹೋಗಲು ತಿರುಗಿದವನು ನಿಂತ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ನಂದೂ ಭಟ್ರ ಕಥೇನೇ. ನನ್ನ ಮಗಳಿಗೆ ಹೇಳೋದೇ ಬೇಡ ಅಂತ ನಾನು, ಹೇಳ್ಬೇಕು ಅಂತ ನನ್ನ ಹೆಂಡ್ತಿ ಶಿಲ್ಪಶ್ರೀ. ಆರು ತಿಂಗಳಿಂದ ಜಗಳ. ಇವತ್ತು ನಿಮ್ಮ ಮುಖ ನೋಡಿದ ಮೇಲೆ ಜಗಳ ಮುಗೀತು. ಮಾತು ಕಲಿಯೋ ಮೊದ್ಲೇ ಹೇಳೋಕೆ ಶುರು ಮಾಡ್ತೀನಿ."

ಅವಳಿಗೆ ತನ್ನ ಮುಖ ಹೇಗಿದೆಯೆಂದು ಗೊತ್ತಿರಲಿಲ್ಲ. ಚಹಾ ತೆಗೆದುಕೊಂಡಳು, ಕುಡಿಯಲಾಗಲಿಲ್ಲ. ಆಗಲೇ ಇನ್ನೊಂದು ಸಂಗತಿ ಹೊಳೆದು ಲೋಟ ಕೆಳಗಿಟ್ಟಳು.

"ಅಮ್ಮಂಗೆ ಶಿಶಿರನ ವಿಷಯ ಗೊತ್ತಿತ್ತು," ಎಂದಳು. "ಏಳು ವರ್ಷದಿಂದ ಗೊತ್ತು."

ಪರಮೇಶ್ವರಯ್ಯ ತಟ್ಟನೆ ತಲೆಯೆತ್ತಿದರು. ಇಡೀ ಬೆಳಿಗ್ಗೆಯಲ್ಲಿ ಅವರಿಗೆ ಅತಿ ದೊಡ್ಡ ಪೆಟ್ಟು ಬಿದ್ದದ್ದು ಆಗ. "ನಂಗೆ ಹೇಳ್ಲಿಲ್ಲ ಅವಳು," ಎಂದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ ಅದನ್ನೇ ಹೇಳಿದರು.

ಇಬ್ಬರೂ ಶೃಂಗೇರಿಯ ಬಸ್ಸು ಹತ್ತಿದರು. ಅರ್ಪಣಾ ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ಅವರು ನಾಲ್ಕು ಸಾಲು ಹಿಂದೆ. ಕಂಡಕ್ಟರು ಬಂದಾಗ ಎರಡೂ ಟಿಕೆಟನ್ನು ಅಪ್ಪಯ್ಯನೇ ಹಿಂದಿನಿಂದ ತೆಗೆದುಕೊಂಡರು. ದಾರಿಯುದ್ದಕ್ಕೂ ಹತ್ತುವ ಇಳಿಯುವ ಅರವತ್ತರ ಆಸುಪಾಸಿನ ಗಂಡಸರ ಮುಖವನ್ನು ತಾನು ದಿಟ್ಟಿಸುತ್ತಿದ್ದೇನೆಂದು ಅವಳಿಗೆ ಅರಿವಾಯಿತು. ಆಮೇಲೆ ಕಣ್ಣು ಮುಚ್ಚಿಕೊಂಡಳು.

ದೇವಕಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಇಬ್ಬರೂ ಒಟ್ಟಿಗೆ ಬಾಗಿಲಲ್ಲಿ ನಿಂತದ್ದನ್ನು ನೋಡಿ ಮೊದಲು ಗಂಡನ ಎದೆಯ ಕಡೆ ಕಣ್ಣು ಹಾಯಿಸಿದಳು. ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಮಗಳ ಮುಖ ನೋಡಿದಳು. ಅಲ್ಲಿ ಏನು ಕಂಡಳೋ, ಇಸ್ತ್ರಿ ಪೆಟ್ಟಿಗೆಯನ್ನು ಲುಂಗಿಯ ಮೇಲೇ ಬಿಟ್ಟು ಕುರ್ಚಿಗೆ ಕುಸಿದಳು. ಬಟ್ಟೆ ಸುಟ್ಟ ವಾಸನೆ ಬಂದು ಪರಮೇಶ್ವರಯ್ಯ ಪ್ಲಗ್ಗು ಕಿತ್ತರು.

"ನಾನು ನಿನ್ನ ತೊಡೆ ಮೇಲೆ ಬಿದ್ದು ಅತ್ತಿದ್ದೆ," ಎಂದಳು ಅರ್ಪಣಾ. ಈಗ ಅವಳ ದನಿ ಏರಿತ್ತು. "ಮಗು ನನ್ನದಾಗೋದಿಲ್ವೇನೋ ಅಂತ ಹೆದರಿ ಸಾಯ್ತಿದ್ದೆ. ಆಗಲಾದ್ರೂ ಹೇಳ್ಬಾರ್ದಿತ್ತಾ? ನಮ್ಮನೇಲಿ ಹೀಗೇ ಆಗಿದೆ, ನೋಡು, ನಿನ್ನಪ್ಪ ನಿನ್ನನ್ನ ಹೇಗೆ ಸಾಕಿದ್ರು ಅಂತ ಒಂದು ಮಾತು."

"ಬಾಯಿ ತನಕ ಬಂದಿತ್ತು," ಎಂದಳು ದೇವಕಿ. "ನುಂಗಿದೆ. ಇವರಿಗೆ ಮಾತು ಕೊಟ್ಟಿದ್ದೆ."

"ನನ್ನ ಹತ್ರ ಯಾಕೆ ಮುಚ್ಚಿಟ್ಟೆ ಮತ್ತೆ?" ಪರಮೇಶ್ವರಯ್ಯ ಕೇಳಿದರು. "ಶಿಶಿರಂದು?"

"ಅದು ಅವಳ ಗುಟ್ಟು. ಇದು ನಿಮ್ಮ ಗುಟ್ಟು. ಎರಡೂ ನನ್ನ ಹೊಟ್ಟೇಲೇ ಇತ್ತು. ನಂದು ಅಂತ ಎಂತ ಇತ್ತು, ಹೇಳ್ಲಿಕ್ಕೆ?" ಎಂದಳು ದೇವಕಿ. ನಲವತ್ತು ವರ್ಷ ದಾಟಿದ ಸಂಸಾರದಲ್ಲಿ ಅವಳು ಗಂಡನಿಗೆ ಹೀಗೆ ಎದುರಾಡಿದ್ದನ್ನು ಅರ್ಪಣಾ ಕಂಡಿರಲಿಲ್ಲ. "ನಿಮ್ಮಿಬ್ಬರಿಗೂ ಬಚ್ಚಿಡೋಕೆ ಒಂದು ಜಾಗ ಇತ್ತು, ನಾನು. ನಂಗೆ ಎಲ್ಲಿತ್ತು?"

ಆ ದಿನ ಅರ್ಪಣಾ ಊಟ ಮಾಡದೆ ಎನ್.ಆರ್. ಪುರಕ್ಕೆ ಹಿಂದಿರುಗಿದಳು.

ಮೂರು ವಾರ ಅವಳು ತವರಿಗೆ ಫೋನು ಮಾಡಲಿಲ್ಲ. ಕಾಲೇಜಿನಲ್ಲಿ ಗಣಿತ ಪಾಠ ಮಾಡುವವಳು, ಬೋರ್ಡಿನ ಮೇಲೆ ಬರೆಯುತ್ತ ಬರೆಯುತ್ತ ನಿಂತುಬಿಡುತ್ತಿದ್ದಳು. ಯಜ್ಞೇಶ ಎಲ್ಲವನ್ನೂ ಕೇಳಿ ಗರಬಡಿದವನ ಹಾಗೆ ಕೂತವನು, ಮರುದಿನ ತಾನೇ ಮಾಲತಿಯವರಿಗೆ ಫೋನು ಮಾಡಿದ. ದಿನಾ ಸಂಜೆ ಅವರು ಅರ್ಪಣಾಳ ಜೊತೆ ಹತ್ತು ನಿಮಿಷ ಮಾತಾಡತೊಡಗಿದರು. ಬುದ್ಧಿ ಹೇಳುತ್ತಿರಲಿಲ್ಲ. ಇವತ್ತು ಏನನ್ನಿಸಿತು ಎಂದು ಕೇಳುತ್ತಿದ್ದರು. ಒಂದು ಸಲ ಮಾತ್ರ, "ನಿಮಗೀಗ ಆಗ್ತಿರೋದು ಶಿಶಿರನಿಗೆ ಆಗದ ಹಾಗೆ ನೋಡ್ಕೊಳ್ಳೋದು ನಿಮ್ಮ ಕೈಯಲ್ಲೇ ಇದೆ," ಎಂದರು.

ಆ ಶನಿವಾರ ಗಂಡ ಹೆಂಡತಿ ಸೇರಿ ಶಿಶಿರನನ್ನು ನಡುವೆ ಕೂರಿಸಿಕೊಂಡರು. ಮಗು ಆಗಲು ಒಂದು ಪುಟ್ಟ ಮೊಟ್ಟೆ ಬೇಕು, ಅಮ್ಮನ ಹತ್ತಿರ ಇದ್ದದ್ದು ಮುಗಿದುಹೋಗಿತ್ತು, ಒಬ್ಬ ಒಳ್ಳೆಯ ಆಂಟಿ ತಮ್ಮದನ್ನು ಕೊಟ್ಟರು, ಅದರಿಂದ ನೀನು ಅಮ್ಮನ ಹೊಟ್ಟೆಯೊಳಗೆ ಬೆಳೆದೆ ಎಂದು ಹೇಳಿದರು.

ಶಿಶಿರ ಯೋಚಿಸಿದ. "ನಮ್ಮನೇಲಿ ಮೊಟ್ಟೆ ತರೋದಿಲ್ವಲ್ಲ," ಎಂದ.

ಯಜ್ಞೇಶನಿಗೆ ನಗು ತಡೆಯಲಾಗಲಿಲ್ಲ. ಅದು ಬೇರೆ ಮೊಟ್ಟೆ ಎಂದು ವಿವರಿಸಿದ. ಆ ಆಂಟಿ ಎಲ್ಲಿದ್ದಾರೆ ಎಂದು ಮಗ ಕೇಳಿದ. ಗೊತ್ತಿಲ್ಲ ಎಂದಳು ಅರ್ಪಣಾ, ಅದು ನಿಜವೇ ಆಗಿತ್ತು. ಅವನು ಸರಿ ಎಂದು ಎದ್ದು ಆಟಕ್ಕೆ ಹೋದ. ಅರ್ಧ ಗಂಟೆಯಲ್ಲಿ ವಾಪಸು ಬಂದು, ಈ ವಿಷಯ ಅಜ್ಜಂಗೆ ಗೊತ್ತಾ ಎಂದು ಕೇಳಿ, ತಾನೇ ಅಪ್ಪನ ಮೊಬೈಲು ತೆಗೆದುಕೊಂಡು ಶೃಂಗೇರಿಗೆ ಫೋನು ಮಾಡಿದ.

ಅವನ ಮಾತು ಮುಗಿದ ಮೇಲೆ ಮೊಬೈಲು ಅರ್ಪಣಾಳ ಕೈಗೆ ಬಂತು. ಆ ಕಡೆ ಪರಮೇಶ್ವರಯ್ಯ ಇದ್ದರು.

"ನಮ್ಮ ಮಾಣಿ ಎಷ್ಟು ಸುಲಭಕ್ಕೆ ಹೇಳಿದ ನೋಡು," ಎಂದರು. ಆಮೇಲೆ, "ನನ್ನ ಮೇಲೆ ಸಿಟ್ಟು ಹೋಯ್ತಾ?" ಎಂದು ಕೇಳಿದರು.

"ಇಲ್ಲ," ಎಂದಳು ಅರ್ಪಣಾ.

"ಸರಿ. ಇರ್ಲಿ. ಹೋಗೋವಾಗ ಹೋಗ್ತದೆ."

"ಒಂದೊಂದ್ಸಲ ನಾನು ಯಾರು ಅಂತಾನೇ ಗೊತ್ತಾಗೋದಿಲ್ಲ ಅಪ್ಪಯ್ಯ."

"ಗೊತ್ತು," ಎಂದರು ಅವರು. ಮತ್ತೇನೂ ಹೇಳದೆ ಇದ್ದುದಕ್ಕೆ ಅವಳಿಗೆ ಸಮಾಧಾನವಾಯಿತು. ಮುಂದಿನ ಭಾನುವಾರ ಕೊಪ್ಪದ ಸಭೆಗೆ ದೇವಕಿಯೂ ಬರುತ್ತೇನೆಂದು ಹಟ ಹಿಡಿದಿದ್ದಾಳೆ, ಅವಳಿಗೂ ಹೇಳುವುದಿದೆಯಂತೆ ಎಂದರು. ನೀನು ಬರುತ್ತೀಯಾ ಎಂದು ಕೇಳಲು ಅವರಿಗೆ ಧೈರ್ಯ ಸಾಲಲಿಲ್ಲ. ಅರ್ಪಣಾ ಅದನ್ನು ಅರ್ಥ ಮಾಡಿಕೊಂಡು, ತಾನೂ ಯಜ್ಞೇಶನೂ ಹತ್ತೂವರೆಗೆ ಅಲ್ಲಿರುತ್ತೇವೆ ಎಂದಳು.