ಹನ್ನೊಂದನೆಯ ಉಸಿರು

ಓದುವವರ ಉಸಿರು ಕತ್ತರಿಸುವುದು ನನ್ನ ಕಸುಬು. ಗಾಬರಿಯಾಗಬೇಡಿ. ಆಡಿಯೋ ಪುಸ್ತಕಕ್ಕಾಗಿ ಜನ ಸ್ಟುಡಿಯೋದಲ್ಲಿ ಕೂತು ಓದುತ್ತಾರೆ. ವಾಕ್ಯಗಳ ನಡುವೆ ಕೇಳುವ ಉಸಿರಿನ ಸದ್ದನ್ನು ನಾನು ಕಂಪ್ಯೂಟರಿನಲ್ಲಿ ತೆಗೆದು ಬೇರೆ ಫೋಲ್ಡರಿಗೆ ಹಾಕುತ್ತೇನೆ. ಹದಿನಾರು ವರ್ಷದ ಅಭ್ಯಾಸ, ಕೈ ತಾನಾಗಿ ಓಡುತ್ತದೆ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಬಿಪಿ ಏರಿ, ನಿದ್ದೆಗೆಟ್ಟು, ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ಪ್ರಾಣಾಯಾಮ ಕಲಿಸುವ ನಮ್ಮತ್ತೆ, ಅಂದರೆ ಹೆಂಡತಿಯ ತಾಯಿ, ದಿನಾ ಬೆಳಿಗ್ಗೆ ಪಕ್ಕದಲ್ಲಿ ಕೂರಿಸಿಕೊಳ್ಳತೊಡಗಿದರು.

"ನಾಲ್ಕು ಎಣಿಸೋವರೆಗೆ ಎಳ್ಕೊಳ್ಳಿ, ಎಂಟು ಎಣಿಸೋವರೆಗೆ ಬಿಡಿ, ಅಳಿಯಂದ್ರೇ. ಹನ್ನೊಂದು ಸಲ. ಅವಸರ ಮಾಡಿದ್ರೆ ಲೆಕ್ಕಕ್ಕಿಲ್ಲ."

ಎರಡು ತಿಂಗಳಲ್ಲಿ ಬಿಪಿ ಇಳಿಯಿತು, ನಿದ್ದೆ ಬಂತು. ತಟ್ಟೆಗಳು ಒಡೆಯದೆ ಉಳಿದಿವೆ ಎಂದು ಹೆಂಡತಿ ಕಿಚಾಯಿಸಿದಳು. ಆ ಋಣಕ್ಕೆ ಅತ್ತೆಯ ಪಾಠವನ್ನು ಅವರ ಶಿಷ್ಯರಿಗಾಗಿ ರೆಕಾರ್ಡ್ ಮಾಡಿಕೊಂಡೆ. ಮರುದಿನ ಬೆಳಿಗ್ಗೆ, ಫೋನಿನಲ್ಲಿ ಯಾರ ಜೊತೆಗೋ ಜಗಳವಾಡುತ್ತಲೇ ಎಡಿಟ್ ಮಾಡಿ ಮುಗಿಸಿದೆ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಅತ್ತೆ ಕಿಟಕಿಯ ಹತ್ತಿರ ಬಟ್ಟೆ ಮಡಿಸುತ್ತಾ ಒಂದೇ ಸಮನೆ ಮಾತಾಡುತ್ತಿದ್ದರು. ಎಲ್ಲೂ ತಡೆಯಿಲ್ಲ.

"ಬೆಳಿಗ್ಗೆಯಿಂದ ಉಸಿರೇ ಆಡ್ತಾ ಇಲ್ಲ ನೋಡಿ ಅಳಿಯಂದ್ರೇ. ಆಯಾಸ ಏನಿಲ್ಲ. ಕೈಕಾಲು ಮಾತ್ರ ತಣ್ಣಗಾಗ್ತಾ ಇದೆ."

ಹೆಂಡತಿ ಅವರ ಮೂಗಿಗೆ ಕನ್ನಡಿ ಹಿಡಿದಳು. ಕನ್ನಡಿ ಮಬ್ಬಾಗಲಿಲ್ಲ. ಉಗುರುಗಳು ಆಗಲೇ ನೀಲಿ. ಬೆಳಿಗ್ಗೆ ನನ್ನ ಕೈ ಮಾಡಿದ ಕೆಲಸ ನೆನಪಾಯಿತು. ಉಸಿರಾಟದ ಪಾಠದಿಂದ ಉಸಿರನ್ನೆಲ್ಲ ತೆಗೆದುಬಿಟ್ಟಿದ್ದೆ. ಡಾಕ್ಟರಿಗೆ ಫೋನ್ ಮಾಡು ಎಂದು ಹೆಂಡತಿಗೆ ಹೇಳಿ ಸ್ಟುಡಿಯೋಗೆ ಓಡಿದೆ.

ಫೋಲ್ಡರಿನಿಂದ ಒಂದೊಂದೇ ಉಸಿರನ್ನು ಹುಡುಕಿ ಅದರದರ ಜಾಗಕ್ಕೆ ಸೇರಿಸಿದೆ. ಹತ್ತು ಸಿಕ್ಕವು. ಹನ್ನೊಂದನೆಯದರಲ್ಲಿ ಲಾರಿಯ ಹಾರನ್ ಸೇರಿಕೊಂಡಿತ್ತೆಂದು ಪೂರ್ತಿ ಅಳಿಸಿಹಾಕಿದ್ದೆ.

ಹೆಂಡತಿಯ ಫೋನ್ ಬಂತು. "ಹತ್ತು ಸಲ ಉಸಿರಾಡಿದ್ರು ರೀ. ಆಮೇಲೆ ಉಸಿರು ನಿಂತುಬಿಡ್ತು. ಕಣ್ಣೂ ಬಿಡ್ತಾ ಇಲ್ಲ."

ಮೈಕಿನ ಮುಂದೆ ಕೂತೆ. ಮೊದಲು ರೆಕಾರ್ಡ್ ಆದದ್ದು ಗೂಳಿ ಬುಸುಗುಟ್ಟಿದ ಹಾಗಿತ್ತು. ಅಳಿಸಿದೆ. ಬೆನ್ನು ನೆಟ್ಟಗೆ ಮಾಡಿ ಕಣ್ಣು ಮುಚ್ಚಿ, ನಾಲ್ಕರವರೆಗೆ ಎಳೆದು ಎಂಟರವರೆಗೆ ಬಿಟ್ಟೆ. ಅದನ್ನು ಹನ್ನೊಂದನೆಯ ಜಾಗದಲ್ಲಿಟ್ಟೆ.

ಮನೆಗೆ ಬರುವಷ್ಟರಲ್ಲಿ ಅತ್ತೆ ಎದ್ದು ಕೂತಿದ್ದರು. ಬಂದ ಡಾಕ್ಟರು ಏನೂ ತೊಂದರೆಯಿಲ್ಲ ಎಂದು ಹೇಳಿ ಹೋಗಿದ್ದರಂತೆ.

ಮರುದಿನ ಬೆಳಿಗ್ಗೆ ಎಂದಿನಂತೆ ಪಕ್ಕಪಕ್ಕ ಕೂತೆವು. ಹನ್ನೊಂದನೆಯ ಸಲಕ್ಕೆ ಅತ್ತೆ ಹುಬ್ಬು ಗಂಟಿಕ್ಕಿದರು.

"ಇದು ಬಂದಾಗ ಯಾರನ್ನಾದ್ರೂ ಹಿಡಿದು ಬಯ್ಯಬೇಕು ಅನ್ಸುತ್ತೆ. ನನ್ನ ಜನ್ಮದಲ್ಲಿ ಹಾಗೆ ಅನ್ಸಿರ್ಲಿಲ್ಲ. ಯಾರದಿದು?"

"ನನ್ನದು ಅತ್ತೆ."

"ವಾಪಸ್ ಕೊಡ್ಲಾ?"

"ಬೇಡ. ಇಟ್ಕೊಳ್ಳಿ."

ಅವರು ನನ್ನ ಕೈ ಹಿಡಿದುಕೊಂಡರು. ಬೆರಳುಗಳು ಬೆಚ್ಚಗಿದ್ದವು.

ಈಗಲೂ ದಿನಾ ಕೂರುತ್ತೇವೆ. ಬಿಪಿ ಸರಿಯಿದೆ, ನಿದ್ದೆ ಚೆನ್ನಾಗಿದೆ. ಹತ್ತರವರೆಗೆ ಇಬ್ಬರೂ ಉಸಿರಾಡುತ್ತೇವೆ. ಹನ್ನೊಂದಕ್ಕೆ ಅವರ ಎದೆ ಏಳುತ್ತದೆ, ನನ್ನದು ಏಳುವುದಿಲ್ಲ. ಅವರು ಎಂಟು ಎಣಿಸಿ ಬಿಡುವವರೆಗೆ ನಾನು ತಣ್ಣಗಾಗುತ್ತಾ ಕಾಯುತ್ತೇನೆ. ಅತ್ತೆ ಅವಸರ ಮಾಡುವುದಿಲ್ಲ.