ಅಭಿಪ್ರಾಯ ಅತ್ತೆಯ ಇಲಾಖೆ

ಚಾಕೊಲೇಟ್ ಮಾರಾಟ ಮೊದಲು ಅಪಾಯದ ಮಟ್ಟದಲ್ಲಿತ್ತು, ಅದೃಷ್ಟವಶಾತ್ ನಿಧಾನವಾಗಿ ಇಳಿದು ಈಗ ನಾರ್ಮಲ್ ಆಗಿದೆ, ಆದರೂ ಸ್ವಲ್ಪ ದಿನ ನಿಗಾ ಇಡುವುದು ಒಳ್ಳೆಯದು ಎಂದು ನರ್ಸಮ್ಮ ಇಂಗ್ಲಿಷಿನಲ್ಲಿ ಬರೆದಿದ್ದಳು. ಇಂಗ್ಲಿಷ್ ಪರೀಕ್ಷೆಯ ಕೋಚಿಂಗ್ ಕ್ಲಾಸಿನ ಮೇಷ್ಟ್ರು ಅದನ್ನೋದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು.

"ಅಲ್ಲಮ್ಮಾ, ಇದು ವ್ಯಾಪಾರದ ಗ್ರಾಫು. ಜ್ವರದ ಚಾರ್ಟಲ್ಲ. ಇಲ್ಲಿ ಗೆರೆ ಕೆಳಗಿಳಿದ್ರೆ ಯಾರಿಗೂ ಖುಷಿ ಆಗಲ್ಲ."

"ಹಾಗಾದ್ರೆ ಖುಷಿ ಆಗಲ್ಲ ಅಂತ ಬರೀಲಾ ಸರ್?"

"ಅದೂ ಬೇಡ! ಚಿತ್ರದಲ್ಲಿ ಏನು ಕಾಣುತ್ತೋ ಅಷ್ಟೇ ಬರೀರಿ. ನಿಮ್ಮ ಖುಷಿ, ದುಃಖ, ಔಷಧಿ ಯಾವುದೂ ಬೇಡ."

ಹೇಳುವುದು ಸುಲಭ. ನರ್ಸಮ್ಮ ಕೆಲಸಕ್ಕೆ ಸೇರಿದಾಗಿನಿಂದ ಜ್ವರದ ವಾರ್ಡಿನಲ್ಲೇ ಇದ್ದವಳು. ಮಂಚದ ಕಾಲ ಬಳಿ ತೂಗುವ ಚಾರ್ಟಿನಲ್ಲಿ ಗೆರೆ ಇಳಿದರೆ ಅವಳಿಗೆ ಉಸಿರು ಬರುತ್ತಿತ್ತು, ಏರಿದರೆ ಕಾಲು ತಾನಾಗಿ ಓಡುತ್ತಿತ್ತು. ಗೆರೆ ನೋಡಿಯೂ ಸುಮ್ಮನಿರುವ ನರ್ಸನ್ನು ಯಾವ ಆಸ್ಪತ್ರೆ ತಾನೇ ಇಟ್ಟುಕೊಳ್ಳುತ್ತದೆ? ಕಳೆದ ಸಲ ಪರೀಕ್ಷೆಯಲ್ಲಿ ವಿವರಿಸಿ ಬರೆಯಲು ದಿನಪತ್ರಿಕೆ ಓದುವವರ ಗ್ರಾಫ್ ಬಂದಿತ್ತು. ಗೆರೆ ಇಳಿದಿಳಿದು ಕೊನೆಗೆ ತಳದಲ್ಲಿ ಮಲಗಿಬಿಟ್ಟಿತ್ತು. ಮಲಗಿದ ಗೆರೆ ಎಂದರೆ ನರ್ಸುಗಳಿಗೆ ಒಂದೇ ಅರ್ಥ. ನಮ್ಮೆಲ್ಲ ಪ್ರಯತ್ನಗಳ ನಡುವೆಯೂ ದಿನಪತ್ರಿಕೆಗಳು ನಮ್ಮನ್ನಗಲಿದವೆಂದು ತಿಳಿಸಲು ವಿಷಾದಿಸುತ್ತೇವೆ ಎಂದು ಬರೆದು ಬಂದಿದ್ದಳು. ಕೇಳುವುದು, ಓದುವುದು, ಮಾತಾಡುವುದು ಮೂರರಲ್ಲೂ ಪಾಸಾಗಿ ಬರವಣಿಗೆಯಲ್ಲಿ ಫೇಲಾದಳು. ಅದರ ಹಿಂದಿನ ಸಲವೂ ಅದೇ ಹಾಡು. ಪ್ರಬಂಧ ಹೇಗೋ ದಡ ಸೇರುತ್ತಿತ್ತು. ಮುಳುಗಿಸುತ್ತಿದ್ದುದು ಈ ಚಿತ್ರಗಳೇ.

ಈ ಸಲ ಬಿಟ್ಟರೆ ಆಟ ಮುಗಿದ ಹಾಗೆ. ದೊಡ್ಡಾಸ್ಪತ್ರೆಯಲ್ಲಿ ಎಳೆಕೂಸುಗಳ ವಾರ್ಡಿನ ತರಬೇತಿಗೆ ಅವಳು ಆಯ್ಕೆಯಾಗಿದ್ದಳು. ಅಂಗೈಯಗಲದ ಕೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬದುಕಿಸಿಕೊಳ್ಳುವ ಕೆಲಸ. ಆ ವಾರ್ಡಿನ ಬಾಗಿಲ ಗಾಜಿಗೆ ಮೂಗೊತ್ತಿ ನಿಂತು ನೋಡಿದ ದಿನದಿಂದ ಅವಳಿಗೆ ಬೇರೆ ಯಾವುದೂ ಬೇಡವಾಗಿತ್ತು. ಪಾಠವೆಲ್ಲ ಇಂಗ್ಲಿಷಿನಲ್ಲಾದ್ದರಿಂದ, ಇಂಗ್ಲಿಷ್ ಪರೀಕ್ಷೆ ಪಾಸಾಗುವವರೆಗೆ ಸೀಟು ಕಾದಿರಿಸಿದ್ದರು. ಇದೊಂದು ಸಲ ಕಾಯುತ್ತೇವೆ, ಆಮೇಲೆ ಬೇರೆಯವರಿಗೆ ಕೊಡುತ್ತೇವೆ ಎಂದು ಈಗ ಹೇಳಿ ಕಳಿಸಿದ್ದರು.

ಇಂಥ ಹೊತ್ತಿಗೆ ಸರಿಯಾಗಿ ಅತ್ತೆಯ ಕಣ್ಣಿನ ಆಪರೇಷನ್ ಆಯಿತು. ಒಂದು ಕಣ್ಣು ಮೊದಲೇ ಮಂಜು, ಅಷ್ಟಿಷ್ಟು ಕಾಣುತ್ತಿದ್ದ ಇನ್ನೊಂದಕ್ಕೆ ಈಗ ಆಪರೇಷನ್ನಿನ ಪಟ್ಟಿ. ಅತ್ತೆ ಎಂದರೆ ಸಾಮಾನ್ಯರಲ್ಲ. ಬಟ್ಟೆ ಹೊಲಿಯುವ ಕಸುಬು ಬಿಟ್ಟ ಮೇಲೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಇಡೀ ಬೀದಿಯ ಯೋಗಕ್ಷೇಮ ನೋಡಿಕೊಳ್ಳುತ್ತಿದ್ದವರು. ಎದುರಿನ ಕಟ್ಟಡದ ಕೆಳಗೆ ಬೀಗ ರಿಪೇರಿಯವನ ಅಂಗಡಿ, ಮೇಲೆ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್. ಅಲ್ಲಿ ಯಾರು ಹತ್ತಿದರು, ಯಾರು ಇಳಿದರು, ಯಾರು ಮುಖ ಊದಿಸಿಕೊಂಡು ಹೋದರು, ಎಲ್ಲ ಅತ್ತೆಗೆ ಗೊತ್ತು. ಈಗ ಅದೇ ಕುರ್ಚಿಯಲ್ಲಿ ಕಣ್ಣು ಕಟ್ಟಿಕೊಂಡು ಕೂತು ಚಡಪಡಿಸುತ್ತಿದ್ದರು.

"ಲೇ, ಹೊರಗೆ ಏನಾಗ್ತಾ ಇದೆ ಹೇಳೇ," ಎಂದರು ಮೊದಲ ದಿನವೇ.

ನರ್ಸಮ್ಮ ಒಗೆದ ಬಟ್ಟೆ ಮಡಚುತ್ತಾ ಕಿಟಕಿಯಾಚೆ ಕಣ್ಣು ಹಾಯಿಸಿದಳು. "ಬೀಗದವನು ಪಾಪ, ಹಲ್ಲಿನ ಡಾಕ್ಟರ ಹತ್ರ ಹೋಗ್ತಾ ಇದ್ದಾನೆ ಅತ್ತೆ. ನೋವು ಬೇರಿಗೇ ಹೋಗಿರ್ಬೇಕು. ಬಿಸಿ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿದ್ರೆ..."

"ನಿಲ್ಸು, ನಿಲ್ಸು. ಕೆನ್ನೆ ಊದಿದೆಯಾ?"

"ಇಲ್ಲ."

"ಕೈ ಕೆನ್ನೆ ಮೇಲಿದೆಯಾ?"

"ಇಲ್ಲ... ತಲೆ ಮೇಲಿದೆ. ಕೂದಲು ಸರಿ ಮಾಡ್ಕೋತಾ ಇದ್ದಾನೆ."

"ಮತ್ತೆ ಹಲ್ಲುನೋವು ಎಲ್ಲಿಂದ ಬಂತು? ಇನ್ನೊಂದು ಕೈಯಲ್ಲಿ ಏನಿದೆ?"

"ಒಂದು ಹೂವಿನ ಕುಂಡ."

ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ನೋಡು, ಮುಖ್ಯವಾದ್ದೇ ನುಂಗಿಹಾಕಿದೀಯ! ಕುಂಡ ಬಿಟ್ಟು ಉಪ್ಪುನೀರು ಹೇಳ್ತೀಯಲ್ಲೇ! ನಾನು ಅಳತೆ ತಗೊಳ್ಳುವಾಗ ಗಿರಾಕಿ ಯಾಕೆ ದಪ್ಪ ಆದ ಅಂತ ಬರ್ಕೋತಿದ್ನಾ? ಸೊಂಟ ಇಷ್ಟು, ತೋಳು ಇಷ್ಟು, ಅಷ್ಟೇ. ಇನ್ಮೇಲೆ ನೋಡೋದು ನಿನ್ನ ಕೆಲಸ. ಅಭಿಪ್ರಾಯ ನನ್ನ ಇಲಾಖೆ. ಅದರಲ್ಲಿ ಕೈ ಹಾಕ್ಬೇಡ."

ಗೋಡೆಗೆ ಬಣ್ಣ ಬಳಿಯುವ ಕೆಲಸದಿಂದ ಆಗಷ್ಟೇ ಮನೆಗೆ ಬಂದಿದ್ದ ಗಂಡ ಬಾಗಿಲಲ್ಲೇ ನಿಂತು ನಕ್ಕ. "ಬಿಡು, ಅಮ್ಮನಿಗೆ ಇನ್ನು ನೀನೇ ಟಿವಿ."

"ಟಿವಿ ಇಷ್ಟೊಂದು ಅಧಿಕಪ್ರಸಂಗ ಮಾಡಲ್ಲ ಕಣೋ," ಎಂದರು ಅತ್ತೆ.

ನರ್ಸಮ್ಮನಿಗೆ ಮೊದಲು ರೇಗಿತು. ಆಮೇಲೆ, ಕೈಯಲ್ಲಿದ್ದ ಅಂಗಿ ಕೈಯಲ್ಲೇ ಉಳಿಯಿತು. ಮೇಷ್ಟ್ರು ಇಷ್ಟು ದಿನ ಗಂಟಲು ಹರಿದುಕೊಂಡು ಹೇಳಿದ್ದು ಇದನ್ನೇ ಅಲ್ಲವೇ? ಮೇಷ್ಟ್ರು ಹೇಳಿದಾಗ ಕಿವಿಗೆ ಬಿದ್ದಿತ್ತು, ತಲೆಗೆ ಇಳಿದಿರಲಿಲ್ಲ. ಚಿತ್ರ ಇಬ್ಬರ ಕಣ್ಣೆದುರಿಗೂ ಇರುವಾಗ ಇರುವುದನ್ನೇ ಮತ್ತೆ ಹೇಳುವುದು ಅವಳಿಗೆ ಪೆದ್ದುತನ ಎನಿಸುತ್ತಿತ್ತು. ಕಣ್ಣು ಕಟ್ಟಿಕೊಂಡವರಿಗೆ ಹೇಳುವುದಾದರೆ ವಿಷಯವೇ ಬೇರೆ.

ಅವಳು ಓಡಿಹೋಗಿ ಕೋಚಿಂಗ್ ಕ್ಲಾಸಿನ ಹಾಳೆಯೊಂದನ್ನು ತಂದಳು. "ಅತ್ತೆ, ಬೀದಿ ಸಾಕು. ಇದನ್ನ ಹೇಳ್ತೀನಿ, ನೀವು ಹೊದಿಕೆ ಮೇಲೆ ಬೆರಳಲ್ಲಿ ಗೆರೆ ಎಳೀರಿ. ಊರಲ್ಲಿ ಬಾಡಿಗೆಗೆ ಹೋದ ಛತ್ರಿಗಳ ಲೆಕ್ಕ ಇದು. ಕೊನೇಲಿ ಸಿಕ್ಕಾಪಟ್ಟೆ ಇಳೀತು."

ಅತ್ತೆಯ ಬೆರಳು ಗಾಳಿಯಲ್ಲಿ ನಿಂತಿತು. "ಎಲ್ಲಿಂದ ಇಳೀಲಿ? ಹತ್ತೇ ಇಲ್ಲವಲ್ಲೇ ನಾನಿನ್ನೂ!"

ಅಲ್ಲಿಂದ ಶುರುವಾಯಿತು. ಎಲ್ಲಿ ಹೊರಟಿತು, ಎಷ್ಟು ಏರಿತು, ಎಲ್ಲಿ ನಿಂತಿತು, ಎಲ್ಲಿಗೆ ಇಳಿಯಿತು ಎಂದು ನರ್ಸಮ್ಮ ಹೇಳುತ್ತಿದ್ದರೆ ಅತ್ತೆಯ ಬೆರಳು ಹೊದಿಕೆಯ ಮೇಲೆ ಹರಿದಾಡುತ್ತಿತ್ತು. ಹಾಳೆಯಲ್ಲಿದ್ದ ಗೆರೆಗೂ ಬೆರಳಿಗೂ ತಾಳೆಯಾಗದಿದ್ದರೆ ತಪ್ಪು ಬೆರಳಿನದಲ್ಲ. ಅಡುಗೆಮನೆಯಲ್ಲಿ ಹಾಲು ಉಕ್ಕಿದರೂ ಇಬ್ಬರಿಗೂ ಪರಿವೆ ಇರುತ್ತಿರಲಿಲ್ಲ. ಒಂದು ಚಿತ್ರದಲ್ಲಿ ಗಾಜಿನ ಬಾಟಲಿ ತೊಳೆದು ಒಡೆದು ಕರಗಿಸಿ ಮತ್ತೆ ಬಾಟಲಿ ಮಾಡುವ ಕ್ರಮವಿತ್ತು. ನರ್ಸಮ್ಮ ತೊಳೆಯುವುದನ್ನು ಮರೆತೇ ಹೇಳಿದ್ದರಿಂದ, "ಎಂಜಲು ಬಾಟಲೀನೇ ಕರಗಿಸಿದ್ರಾ? ಥೂ, ಅದ್ರಲ್ಲಿ ನಾನು ನೀರು ಕುಡಿಯಲ್ಲಪ್ಪ!" ಎಂದು ಅತ್ತೆ ಮುಖ ಕಿವುಚಿದರು. ಆಮೇಲೆ ನರ್ಸಮ್ಮ ಯಾವ ಹಂತವನ್ನೂ ಮರೆಯಲಿಲ್ಲ.

ಕನ್ನಡದಲ್ಲಿ ಹೇಳಿ ಅತ್ತೆಯ ಬೆರಳಿನಿಂದ ಪಾಸಾದದ್ದನ್ನು ಅವಳು ಇಂಗ್ಲಿಷಿನಲ್ಲಿ ಬರೆದು ಮೇಷ್ಟ್ರಿಗೆ ಒಯ್ಯುತ್ತಿದ್ದಳು. ಮೇಷ್ಟ್ರ ಕೆಂಪು ಪೆನ್ನಿಗೆ ಕೆಲಸ ಕಡಿಮೆಯಾಯಿತು. "ಚೆನ್ನಾಗಿದೆಯಮ್ಮಾ. ಆದ್ರೆ ನಗೋಕೆ ಏನೂ ಸಿಗ್ತಿಲ್ಲ," ಎಂದು ಪೆಚ್ಚಾಗಿ ಹೇಳಿದರು.

ಪರೀಕ್ಷೆಯ ದಿನ ಬಂದೇ ಬಂತು. ನರ್ಸಮ್ಮ ಪ್ರಶ್ನೆಪತ್ರಿಕೆ ತಿರುಗಿಸಿದಳು. ಒಂದು ಊರಿನಲ್ಲಿ ಕೆಲಸಕ್ಕೆ ಹೋಗುವವರು ಏನೇನು ಹತ್ತಿ ಹೋಗುತ್ತಾರೆ ಎಂಬ ಗ್ರಾಫು. ಕಾರಿನ ಗೆರೆ ನೂರೈದು ಡಿಗ್ರಿ ಜ್ವರದ ಹಾಗೆ ಮೇಲೇರಿತ್ತು. ಸೈಕಲ್ಲಿನ ಗೆರೆ ಕುಸಿದು ಕುಸಿದು, ಅಯ್ಯೋ, ತಳದಲ್ಲಿ ಚಪ್ಪಟೆಯಾಗಿ ಮಲಗಿತ್ತು. ಅವಳ ಕೈ ತುರ್ತು ಚಿಕಿತ್ಸೆಗೆ ಹೊರಟೇಬಿಟ್ಟಿತ್ತು. ಇನ್ನೇನು ಪೆನ್ನು ಹಾಳೆಗೆ ತಾಗಬೇಕು, ಎದುರಿನ ಖಾಲಿ ಕುರ್ಚಿಯಲ್ಲಿ ಅತ್ತೆ ಬಂದು ಕೂತ ಹಾಗಾಯಿತು. ಕಣ್ಣಿಗೆ ಪಟ್ಟಿ, ಮಡಿಲಲ್ಲಿ ಹೊದಿಕೆ, ಬೆರಳು ಸಿದ್ಧ. ಎಲ್ಲಿಂದ ಹೊರಡಲಿ ಹೇಳೇ?

ನರ್ಸಮ್ಮ ಪೆನ್ನು ಕೆಳಗಿಟ್ಟು ಒಂದು ಉಸಿರು ಎಳೆದುಕೊಂಡಳು. ಆಮೇಲೆ ಅತ್ತೆಗೆ ಹೇಳುವ ಹಾಗೆ, ಎಲ್ಲಿಂದ ಹೊರಟಿತು ಎಂಬಲ್ಲಿಂದಲೇ ಶುರುಮಾಡಿ ಬರೆದಳು. ಸೈಕಲ್ಲಿಗೆ ಒಂದು ತೊಟ್ಟು ಕಣ್ಣೀರೂ ಹಾಕಲಿಲ್ಲ. ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ, "ಅತ್ತೆ, ಪಾಪ, ಸೈಕಲ್ ಹೋಗಿಬಿಡ್ತು!" ಎಂದು ಕೂಗಿದಳು. ಅತ್ತೆ ಲೊಚಗುಟ್ಟಿದರು. ಹಾಳಾದ ಕಾರುಗಳನ್ನು ಇಬ್ಬರೂ ಸೇರಿ ಮನಸ್ವೀ ಬೈದರು. ಕಟ್ಟಿಟ್ಟುಕೊಂಡಿದ್ದ ಅಭಿಪ್ರಾಯವನ್ನೆಲ್ಲ ಸುರಿದು ಅವಳ ಹೊಟ್ಟೆ ಹಗುರಾಯಿತು.

ಫಲಿತಾಂಶ ಬರುವ ಹೊತ್ತಿಗೆ ಅತ್ತೆಯ ಕಣ್ಣಿನ ಪಟ್ಟಿ ಬಿಚ್ಚಿದ್ದರು. ಬಿಸಿಲಿಗೆ ಕರಿ ಕನ್ನಡಕ ಹಾಕಿಕೊಂಡು ಅವರು ಕಿಟಕಿಗೆ ವಾಪಸಾಗಿದ್ದರು. ಫೋನ್ ಟಿಣ್ ಎಂದಿತು. ಫಲಿತಾಂಶದ ಪುಟ ತೆರೆದ ನರ್ಸಮ್ಮ ನೋಡಲಾರದೆ ಫೋನನ್ನು ಅತ್ತೆಯ ಮಡಿಲಿಗೆ ಹಾಕಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ನೀವೇ ನೋಡಿ ಅತ್ತೆ."

"ನಂಗೆ ಇಂಗ್ಲಿಷ್ ಎಲ್ಲಿ ಬರುತ್ತೇ?"

"ಅಕ್ಷರ ಬೇಡ. ಚಿತ್ರ ಇರುತ್ತೆ. ಏನು ಕಾಣುತ್ತೆ, ಅಷ್ಟೇ ಹೇಳಿ."

ಅತ್ತೆ ಕನ್ನಡಕ ಹಣೆಗೇರಿಸಿದರು. "ನಾಲ್ಕು ಕಂಬ ಇದಾವೆ. ಎಲ್ಲಾ ನೀಲಿ. ಅವುಗಳಿಗೆ ಅಡ್ಡಲಾಗಿ ಒಂದು ಕೆಂಪು ಗೆರೆ ಇದೆ."

"ಆ ಗೆರೆ ಪಾಸಿಂದು. ಕೊನೇ ಕಂಬ ಬರವಣಿಗೇದು. ಹೋದ ಸಲ ಗೆರೆ ಕೆಳಗೇ ನಿಂತುಬಿಟ್ಟಿತ್ತು. ಈಗ?"

"ಇರು, ಕ್ರಮವಾಗಿ ಹೇಳ್ತೀನಿ. ಮೊದಲನೇದು ಗೆರೆ ದಾಟಿದೆ. ಎರಡನೇದೂ ದಾಟಿದೆ. ಮೂರನೇದು ಎಲ್ಲಕ್ಕಿಂತ ಉದ್ದ..."

"ಅತ್ತೆ! ಕೊನೇದು!"

"ಮುಖ್ಯವಾದ್ದು ನುಂಗಬಾರ್ದು ಅಂತ ನಾನೇ ಹೇಳ್ಕೊಟ್ಟಿದ್ದೀನಿ, ನಂಗೆ ಹೇಳ್ತೀಯಾ? ಕೊನೇದು ಕೆಳಗಿಂದ ಹೊರಟಿದೆ. ಮೇಲೆ ಬಂದಿದೆ. ಇನ್ನೂ ಮೇಲೆ ಬಂದಿದೆ..." ಅತ್ತೆಯ ದನಿ ಇದ್ದಕ್ಕಿದ್ದಂತೆ ನಿಂತಿತು.

"ಏನು ಕಾಣುತ್ತೆ ಅತ್ತೆ? ಹೇಳಿ!"

"ಏನೂ ಕಾಣ್ತಿಲ್ಲ ಕಣೇ," ಎಂದರು ಅತ್ತೆ. "ಕಣ್ಣು ತುಂಬಿಬಿಟ್ಟಿದೆ."

ನರ್ಸಮ್ಮ ಕೈ ತೆಗೆದು ನೋಡಿದಳು. ಹೊಸ ಕಣ್ಣು, ಹಳೇ ಕಣ್ಣು ಎರಡರಿಂದಲೂ ನೀರು ಧಾರೆಯಾಗಿ ಇಳಿಯುತ್ತಿತ್ತು. ಮಡಿಲಲ್ಲಿದ್ದ ಫೋನಿನಲ್ಲಿ ನಾಲ್ಕನೆಯ ಕಂಬ ಕೆಂಪು ಗೆರೆಯನ್ನು ದಾಟಿ ತಲೆಯೆತ್ತಿ ನಿಂತಿತ್ತು.

"ಡಾಕ್ಟರು ಅಳಬಾರ್ದು ಅಂದಿದ್ದಾರೆ!" ಎಂದು ನರ್ಸಮ್ಮ ಗದರಿದಳು. ಗದರುತ್ತಲೇ ತಾನೂ ಅತ್ತಳು. ನಗುವೂ ಬಂತು. ಅತ್ತೆಯನ್ನು ಕುರ್ಚಿಯ ಸಮೇತ ತಬ್ಬಿಕೊಂಡಳು. ಗಾಜಿನ ಪೆಟ್ಟಿಗೆಯ ಕೂಸುಗಳೆಲ್ಲ ಒಮ್ಮೆಲೇ ಅವಳ ಕಣ್ಣೆದುರು ಕೈಕಾಲು ಬಡಿದವು.

"ಈಗ ನಿಮ್ಮ ಅಭಿಪ್ರಾಯ ಹೇಳಿ ಅತ್ತೆ," ಎಂದಳು, ಹತ್ತಿಯಿಂದ ಅವರ ಕಣ್ಣೊರೆಸುತ್ತಾ.

ಅತ್ತೆ ಮೂಗು ಸೀನಿಕೊಂಡು ಕಿಟಕಿಯತ್ತ ತಿರುಗಿದರು. ಎದುರಿನ ಕಟ್ಟಡದ ಮೆಟ್ಟಿಲ ಮೇಲೆ ಬೀಗದವನೂ ಡಾಕ್ಟರಮ್ಮನೂ ಒಂದೇ ಡಬ್ಬಿಯಿಂದ ಊಟ ಮಾಡುತ್ತಿದ್ದರು. ಕ್ಲಿನಿಕ್ಕಿನ ಕಿಟಕಿಯಲ್ಲಿ ಸಾಲಾಗಿ ಹೂವಿನ ಕುಂಡಗಳಿದ್ದವು.

"ನನ್ನ ಅಭಿಪ್ರಾಯ ಯಾವತ್ತಾದ್ರೂ ತಪ್ಪಾಗಿದೆಯಾ?" ಎಂದರು ಅತ್ತೆ. "ನೀನು ಮೊದಲನೇ ಸಲ ಫೇಲಾದಾಗಲೇ ನನ್ನ ಮಗನಿಗೆ ಹೇಳಿದ್ದೆ, ಇವಳು ಪಾಸಾಗ್ತಾಳೆ ಅಂತ."